ಘಟ್ಟ ಹತ್ತದ ಸಿಹಿ ವೈನು

ಪೋರ್ಚುಗೀಸರ ಸಿಹಿ ಬಿಳಿ ವೈನು ಶಿವಮೊಗ್ಗ, ಭದ್ರಾವತಿಗಳ ಕಡೆ ಯಾಕೆ ಬೇರೂರಲಿಲ್ಲ ಎಂದರೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರವಿದೆ: ಈ ಸೀಮೆಯನ್ನಾಳಿದ ಕೆಳದಿ ನಾಯಕರು ವೀರಶೈವರು, ಮದ್ಯ ಅವರಿಗೆ ವರ್ಜ್ಯ. ಉತ್ತರ ಸುಳ್ಳಲ್ಲ, ಆದರೆ ಸಾಲದು. ಅರಮನೆಯ ಮಡಿ ಇಡೀ ನಾಡಿನ ಮಡಿಯಾಗಿರಲಿಲ್ಲ. ಬೈನೆ ಮರದ ಹೆಂಡ ಮಲೆನಾಡಿಗೆ ಹೊಸತೇನಲ್ಲ. ಕೆಳದಿ ತಲೆಯೆತ್ತುವುದಕ್ಕೆ ಸುಮಾರು ನಾಲ್ಕು ಶತಮಾನ ಮೊದಲೇ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಧುಪಾನಕ್ರೀಡೆಯನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿದ್ದ. ಕುಡಿತ ಇತ್ತು, ರುಚಿಯೂ ಇತ್ತು. ಆ ವೈನನ್ನು ಘಟ್ಟದ ಕೆಳಗೇ ತಡೆದದ್ದು ಧರ್ಮಕ್ಕಿಂತ ಹೆಚ್ಚಾಗಿ ಕಾಲ ಮತ್ತು ಮಳೆ ಎಂಬುದು ನನ್ನ ವಾದ.

ಕಾಲದ ಮಾತು ತಿಳಿಯಬೇಕಾದರೆ ಆ ವೈನು ಹೇಗಾಗುತ್ತದೆಂದು ನೋಡಬೇಕು. ದ್ರಾಕ್ಷಿರಸ ಹುದುಗುವಾಗ ಯೀಸ್ಟ್ ಅದರ ಸಕ್ಕರೆಯನ್ನು ತಿನ್ನುತ್ತ ಮದ್ಯಸಾರ ಮಾಡುತ್ತ ಹೋಗುತ್ತದೆ. ಬಿಟ್ಟರೆ ಸಿಹಿ ಪೂರ್ತಿ ಮುಗಿಯುತ್ತದೆ. ನಡುವೆಯೇ ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಸಾರಾಯಿ ಸುರಿದರೆ ಯೀಸ್ಟ್ ಸಾಯುತ್ತದೆ, ಮಿಕ್ಕ ಸಕ್ಕರೆ ಹಾಗೇ ಉಳಿಯುತ್ತದೆ. ಮದ್ಯಸಾರ ಶೇ. 15ರಿಂದ 22ರ ನಡುವೆ ನಿಲ್ಲುವುದರಿಂದ ಆ ವೈನು ಬೇಗ ಕೆಡುವುದೂ ಇಲ್ಲ. ಈ ವಿದ್ಯೆಯನ್ನು 13ನೆಯ ಶತಮಾನದ ಕೊನೆಯಲ್ಲಿ ಮಾಂಪೆಲಿಯೆಯಲ್ಲಿದ್ದ ವೈದ್ಯ ಅರ್ನಾವ್ ದ ವಿಲನೋವನ ಹೆಸರಿಗೆ ಹಚ್ಚುತ್ತಾರೆ. ದಕ್ಷಿಣ ಫ್ರಾನ್ಸಿನ ಮಸ್ಕಟ್, ಪೋರ್ಚುಗಲ್ಲಿನ ಸೆತೂಬಲ್ ಊರಿನ ಮೊಸ್ಕತೆಲ್, ಬಿಳಿ ಪೋರ್ಟ್, ಮಡೀರ ದ್ವೀಪದ ಮಾಲ್ವಸಿಯ ಎಲ್ಲವೂ ಈ ಕುಲದವೇ. ಆದರೆ ಪೋರ್ಚುಗಲ್ಲಿನಲ್ಲಿ, ಮಡೀರದಲ್ಲಿ ಸಾರಾಯಿ ಬೆರೆಸುವುದು ವಾಡಿಕೆಯಾಗಿ ನೆಲೆಯೂರಿದ್ದು 18ನೆಯ ಶತಮಾನದಲ್ಲಿ. ಪೋರ್ಟ್ ವೈನಿನ ದೋರು ಕಣಿವೆಗೆ ಪೋರ್ಚುಗಲ್ಲಿನ ಮಂತ್ರಿ ಪೋಂಬಾಲ್ ಗಡಿ ಗುರುತಿಸಿದ್ದು 1756ರಲ್ಲಿ.

ಈಗ ಇಲ್ಲಿಯ ಇಸವಿಗಳನ್ನು ಅದರ ಪಕ್ಕ ಇಡೋಣ. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಗಳ ದಾರಿಯಲ್ಲಿ ಘಟ್ಟ ಹತ್ತಿ ಕೆಳದಿ ನಾಯಕರ ಆಗಿನ ರಾಜಧಾನಿ ಇಕ್ಕೇರಿಗೆ ಬಂದದ್ದು 1623ರಲ್ಲಿ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಪೋರ್ಚುಗೀಸರ ಕಣ್ಣಿದ್ದದ್ದು ನಮ್ಮ ಕಾಳುಮೆಣಸಿನ ಮೇಲೆ. ಕೊಡುಕೊಳೆ ಅಷ್ಟು ಗಾಢವಾಗಿದ್ದ ದಿನಗಳಲ್ಲಿ ಅವರ ಹಡಗಿನಲ್ಲಿ ಬರುತ್ತಿದ್ದುದು ಬಹುಮಟ್ಟಿಗೆ ಸಾದಾ ವೈನು. ಕಡಲ ಬಿಸಿಲಿಗೆ ಹುಳಿಯಾಗುವ ಅಂಥ ಸರಕನ್ನು ಎತ್ತಿನ ಬೆನ್ನಿಗೆ ಹೇರಿ ಘಟ್ಟ ಹತ್ತಿಸುವ ವ್ಯಾಪಾರಿ ಎಲ್ಲಿ ಸಿಗುತ್ತಾನೆ? 1650ರ ದಶಕದಲ್ಲಿ ಶಿವಪ್ಪ ನಾಯಕ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನೇ ಕಿತ್ತುಕೊಂಡ. ವೈನಿಗೆ ದೂರ ತಾಳುವ ಕಸುವು ಬರುವ ಹೊತ್ತಿಗೆ, 1763ರಲ್ಲಿ, ಹೈದರಾಲಿ ಆಗಿನ ರಾಜಧಾನಿ ಬಿದನೂರನ್ನು ಗೆದ್ದು ಕೆಳದಿಯ ಕಥೆಯನ್ನೇ ಮುಗಿಸಿದ. ನಂಟಿದ್ದಾಗ ಸರಕು ಗಟ್ಟಿಯಿರಲಿಲ್ಲ, ಸರಕು ಗಟ್ಟಿಯಾದಾಗ ನಂಟಿರಲಿಲ್ಲ.

ಸರಕು ಬಾರದಿದ್ದರೇನು, ವಿದ್ಯೆ ಬರಬಹುದಿತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಬಟ್ಟಿ ಇಳಿಸುವುದು ನಮ್ಮವರಿಗೆ ತಿಳಿಯದ ಕೆಲಸವಲ್ಲ. ಕಳ್ಳಭಟ್ಟಿಯ ಮಾತು ಹಾಗಿರಲಿ, 1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಾಡಿನ ಮರವನ್ನೇ ಬಟ್ಟಿ ಇಳಿಸುತ್ತಿತ್ತು. ಗಾಳಿಯಾಡದ ಪಾತ್ರೆಯಲ್ಲಿ ಸೌದೆ ಬೆಂದು ಇದ್ದಿಲಾಗುವಾಗ ಏಳುವ ಆವಿಯನ್ನು ತಣಿಸಿ ಟಾರು, ಅಸಿಟೇಟ್, ಮಿಥೈಲ್ ಆಲ್ಕೋಹಾಲ್ ತೆಗೆಯುತ್ತಿದ್ದರು. ಆ ಆಲ್ಕೋಹಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಅದು ಕೈಗಾರಿಕೆಯ ಸರಕು. ಆದರೂ ಆವಿಯನ್ನು ತಣಿಸಿ ಸಾರ ಹಿಡಿಯುವ ಜಾಣ್ಮೆಗೆ ಇಲ್ಲಿ ಬರವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಲ್ಲದಿದ್ದದ್ದು ದ್ರಾಕ್ಷಿ, ಅದಕ್ಕೆ ಮಲೆನಾಡಿನ ಮಳೆ ಒಗ್ಗದು. ಹಣ್ಣು ಮಾಗುವಾಗ ಮಳೆ ಹಿಡಿದರೆ ಸಿಪ್ಪೆ ಬಿರಿಯುತ್ತದೆ, ಎಲೆಗೆ ಬೂಜು ರೋಗ ಹತ್ತುತ್ತದೆ. ಪೋರ್ಚುಗೀಸರ ಮೂಲಕ ಬಂದ ಮೆಣಸಿನಕಾಯಿ, ಗೇರು, ಅನಾನಸು ಘಟ್ಟ ಹತ್ತಿ ನಮ್ಮವೇ ಆದವು, ಏಕೆಂದರೆ ಅವುಗಳನ್ನು ಇಲ್ಲೇ ನೆಟ್ಟು ಬೆಳೆಸಬಹುದಿತ್ತು. ಭದ್ರಾವತಿಯ ಕಡೆ ಮಳೆ ಕಡಿಮೆಯಲ್ಲವೇ ಎನ್ನಬಹುದು. ನಿಜ, ಆದರೆ ಅಲ್ಲಿ ಭದ್ರಾ ನಾಲೆಯ ನೀರು ಬಂದಾಗ ರೈತ ಭತ್ತ, ಕಬ್ಬು, ಅಡಿಕೆಯನ್ನು ನೆಚ್ಚಿದ, ಅದು ಸರಿಯಾದ ಲೆಕ್ಕವೇ. 2007ರಲ್ಲಿ ರಾಜ್ಯ ಸರ್ಕಾರ ಸಾರಾಯಿ ನಿಷೇಧಿಸಿ, ಅದೇ ವರ್ಷ ದ್ರಾಕ್ಷಾರಸ ನೀತಿ ತಂದಾಗಲೂ ತೋಟಗಳೆದ್ದದ್ದು ನಂದಿ, ಕೃಷ್ಣಾ ಕಣಿವೆಗಳಂಥ ಬಯಲುಸೀಮೆಯಲ್ಲಿ.

ಇನ್ನು ಊಟದ ಮಾತು: ಆ ವೈನು ಘಟ್ಟ ಹತ್ತಿದ್ದರೆ ನಮ್ಮ ತಿನಿಸುಗಳಿಗೆ ಒಗ್ಗುತ್ತಿತ್ತೇ? ಯುರೋಪಿನಲ್ಲಿ ಈ ವೈನನ್ನು ಹುರಿದ ಬಾದಾಮಿ, ಉಪ್ಪು ಮುಂದಾದ ನೀಲಿ ಚೀಸು, ಹಣ್ಣಿನ ತಿನಿಸುಗಳ ಜೊತೆ ಕೊಡುತ್ತಾರೆ. ತಿನಿಸಿಗಿಂತ ವೈನು ಸಿಹಿಯಾಗಿರಬೇಕೆಂಬುದು ಅವರ ಕಟ್ಟಳೆ. ಆ ಕಟ್ಟಳೆಯನ್ನು ಒಪ್ಪಿದರೆ ಜೋನಿಬೆಲ್ಲ ಹಾಕಿದ ಹಲಸಿನ ಹಣ್ಣಿನ ಕಡುಬಿಗೆ ಅದು ಜೋಡಿಯಾಗದು, ಬೆಲ್ಲದೆದುರು ವೈನು ನೀರು ನೀರಾಗಿ ಹುಳಿ ಹುಳಿ ಎನಿಸುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಖಾರವನ್ನು ಮದ್ಯಸಾರ ಇನ್ನಷ್ಟು ಕೆರಳಿಸುತ್ತದೆ. ಒಗ್ಗುವುದು ಉಪ್ಪು ಹಚ್ಚಿ ತುಪ್ಪದಲ್ಲಿ ಹುರಿದ ಗೇರುಬೀಜಕ್ಕೆ, ಖಾರ ಹಾಕದೆ ಕರಿದ ಹಲಸಿನಕಾಯಿ ಹಪ್ಪಳಕ್ಕೆ. ಗೇರಂತೂ ಪೋರ್ಚುಗೀಸರ ಹಡಗಿನಲ್ಲೇ ಬಂದದ್ದು.