ಒಂದು ಗೇಣು ನೀರಿನ ಒತ್ತಡ: ವಾಷಿಂಗ್ ಮಷೀನಿನ ನೀರಿನ ಮಟ್ಟದ ಸೆನ್ಸರ್ ಮತ್ತು ಅದರ ದೋಷನಿದಾನ

ನೀರಿನ ಮಟ್ಟದ ಸೆನ್ಸರ್ ಕೆಟ್ಟಿದೆ ಎಂಬ ಸಂಕೇತ ವಾಷಿಂಗ್ ಮಷೀನಿನಲ್ಲಿ ಮೂಡಿದರೆ ರಿಪೇರಿಯ ರೂಢಿ ಸಾಮಾನ್ಯವಾಗಿ ಒಂದೇ, ಸೆನ್ಸರ್ ಬದಲಾಯಿಸುವುದು. ಎಲ್‌ಜಿ ಯಂತ್ರಗಳ ‘ಪಿಇ’ ಇಂಥದೊಂದು ಸಂಕೇತ. ಹೊಸ ಸೆನ್ಸರ್ ಹಾಕಿದ ಮೇಲೆ ಮಷೀನು ಓಡಿದರೆ ಮನೆಯವರಿಗೂ ಮೆಕ್ಯಾನಿಕ್‌ಗೂ ಸಮಾಧಾನ. ಆದರೆ ಅಷ್ಟರಿಂದಲೇ ಹಳೆಯದು ಕೆಟ್ಟಿತ್ತೆಂದು ಸಿದ್ಧವಾಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ಈ ಸಾಧನದ ಕೆಲಸದ ಬಗೆಯಿಂದಲೇ ತೋರಿಸಬಹುದು.

ಹೆಸರು ನೀರಿನ ಸೆನ್ಸರ್ ಆದರೂ ಇದಕ್ಕೆ ನೀರು ತಾಗುವುದೇ ಇಲ್ಲ. ಟಬ್ಬಿನ ತಳಭಾಗಕ್ಕೆ ಸೇರಿದಂತೆ ಒಂದು ಚಿಕ್ಕ ಗಾಳಿಕೋಣೆ ಇರುತ್ತದೆ. ಅದರ ನೆತ್ತಿಯಿಂದ ಹೊರಟ ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಟ್ಯೂಬ್ ಮಷೀನಿನ ಮೇಲ್ಭಾಗದಲ್ಲಿರುವ ಸೆನ್ಸರಿಗೆ ಹೋಗುತ್ತದೆ. ಟಬ್ಬಿಗೆ ನೀರು ಏರಿದಂತೆ ಕೋಣೆಯ ಬಾಯಿ ಮುಚ್ಚಿಕೊಂಡು ಒಳಗಿನ ಗಾಳಿ ಸಿಕ್ಕಿಬೀಳುತ್ತದೆ, ಒತ್ತಲ್ಪಡುತ್ತದೆ. ಆ ಒತ್ತಡ ಸೆನ್ಸರಿನ ಪೊರೆಯನ್ನು ತಳ್ಳುತ್ತದೆ. ಹಳೆಯ ಮಷೀನುಗಳಲ್ಲಿ ಪೊರೆ ನೇರವಾಗಿ ಸ್ವಿಚ್ಚನ್ನು ಒತ್ತುತ್ತಿತ್ತು. ಈಗಿನವುಗಳಲ್ಲಿ ಪೊರೆಗೆ ಅಂಟಿದ ಫೆರೈಟ್ ತುಂಡು ತಂತಿಸುರುಳಿಯೊಳಕ್ಕೆ ಸರಿಯುತ್ತದೆ. ಸುರುಳಿಯ ಪ್ರೇರಕತ್ವ ಹೆಚ್ಚಿ ಆಂದೋಲಕದ ಆವರ್ತನ ಇಳಿಯುತ್ತದೆ. ಹಲವು ಮಾದರಿಗಳಲ್ಲಿ ಟಬ್ ಬರಿದಾಗಿದ್ದಾಗ ಆವರ್ತನ ಸುಮಾರು 26 ಕಿಲೋಹರ್ಟ್ಸ್, ನೀರು ತುಂಬಿದಾಗ 22ರ ಆಸುಪಾಸು. ಪ್ರೇರಕತ್ವದ ವರ್ಗಮೂಲಕ್ಕೆ ಆವರ್ತನ ವಿಲೋಮವಾಗಿರುವುದರಿಂದ, ಈ ಇಳಿತಕ್ಕೆ ಪ್ರೇರಕತ್ವ ಸುಮಾರು 40 ಪ್ರತಿಶತ ಏರಬೇಕಾಗುತ್ತದೆ.

ಪೊರೆಗೆ ಸಿಗುವ ಬಲವಾದರೂ ಎಷ್ಟು? ಒಂದು ಗೇಣು, ಅಂದರೆ ಇಪ್ಪತ್ತೆರಡು ಸೆಂ.ಮೀ. ಆಳದ ನೀರಿನ ಒತ್ತಡ ಸುಮಾರು 2,150 ಪ್ಯಾಸ್ಕಲ್. ಸಮುದ್ರಮಟ್ಟದ ವಾಯುಭಾರ 1,01,325 ಪ್ಯಾಸ್ಕಲ್. ಅದರ ಎದುರು ಇದು ನೂರಕ್ಕೆ ಎರಡು ಪಾಲು. ಮಂಗಳೂರಿಗಿಂತ ಬೆಂಗಳೂರಿನ ವಾಯುಭಾರವೇ ಸುಮಾರು ಹತ್ತು ಸಾವಿರ ಪ್ಯಾಸ್ಕಲ್ ಕಡಿಮೆ. ಸೆನ್ಸರ್ ಒಟ್ಟು ಒತ್ತಡವನ್ನು ಅಳೆಯುವಂತಿದ್ದರೆ ಘಟ್ಟ ಹತ್ತಿಸಿದ ಮಷೀನು ತನ್ನ ಟಬ್ಬಿನ ಲೆಕ್ಕವನ್ನೇ ತಪ್ಪುತ್ತಿತ್ತು. ಪೊರೆಯ ಇನ್ನೊಂದು ಮಗ್ಗುಲು ಹೊರಗಾಳಿಗೆ ತೆರೆದುಕೊಂಡಿರುವುದರಿಂದ ಅಳತೆಗೆ ಸಿಗುವುದು ವ್ಯತ್ಯಾಸ ಮಾತ್ರ. ವಿನ್ಯಾಸದ ಜಾಣತನವೆಲ್ಲ ಇಲ್ಲಿದೆ ಎನ್ನಬೇಕು. ದೌರ್ಬಲ್ಯವೂ ಇಲ್ಲೇ ಇದೆ: ಇಷ್ಟು ಸಣ್ಣ ಒತ್ತಡವನ್ನು ಹೊತ್ತು ತರುವ ಗಾಳಿದಾರಿಯಲ್ಲಿ ಎಲ್ಲಿ ಏನಾದರೂ ಸಂಕೇತ ದೂರುವುದು ಸೆನ್ಸರನ್ನು. ನಿಯಂತ್ರಣ ಫಲಕಕ್ಕೆ ಗೊತ್ತಾಗುವುದು ಆವರ್ತನ ಮಿತಿಯಲ್ಲಿಲ್ಲ ಅಥವಾ ಬದಲಾಗಬೇಕಾದಂತೆ ಬದಲಾಗಲಿಲ್ಲ ಎಂಬಷ್ಟೇ.

ಗಾಳಿದಾರಿಯ ದೋಷಗಳು ಒಂದೇ ಬಗೆಯವಲ್ಲ, ಲಕ್ಷಣಗಳೂ ಒಂದೇ ಅಲ್ಲ. ಟ್ಯೂಬಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಮಷೀನು ಮೊದಲು ಸರಿಯಾಗಿಯೇ ನೀರು ತುಂಬಿಕೊಳ್ಳುತ್ತದೆ. ಆಮೇಲೆ ಗಾಳಿ ಮೆಲ್ಲಗೆ ಸೋರಿ, ನೀರು ಇಳಿಯಿತೆಂದು ಬಗೆದು, ತೊಳೆಯುವ ನಡುವೆ ಮತ್ತೆ ಮತ್ತೆ ನೀರೆಳೆಯುತ್ತದೆ. ಟಬ್ ಬರಿದಾಗಿರುವಾಗ ಕೋಣೆಯ ಬಾಯಿ ಕಟ್ಟಿಕೊಂಡರೆ ಒತ್ತಡ ಮೇಲೇರುವುದೇ ಇಲ್ಲ, ನೀರು ಮಿತಿ ಮೀರುತ್ತದೆ. ತುಂಬಿರುವಾಗ ಕಟ್ಟಿಕೊಂಡರೆ ಫಲ ತಿರುವುಮುರುವು: ಒತ್ತಡ ಒಳಗೇ ಉಳಿದು, ಬರಿದಾದ ಟಬ್ಬನ್ನು ತುಂಬಿದೆಯೆಂದು ತಿಳಿದ ಮಷೀನು ಪಂಪನ್ನು ಓಡಿಸುತ್ತಲೇ ಇರುತ್ತದೆ. ಇನ್ನೂ ಸೂಕ್ಷ್ಮವಾದದ್ದು ಟ್ಯೂಬಿನಲ್ಲಿ ನಿಂತ ನೀರು. ಮೇಲಕ್ಕೆ ಹೋಗುವ ಟ್ಯೂಬಿನಲ್ಲಿ ಎರಡು ಸೆಂ.ಮೀ. ಉದ್ದ ನೀರು ಸಿಕ್ಕಿಕೊಂಡರೆ ಸುಮಾರು 200 ಪ್ಯಾಸ್ಕಲ್ ಅಲ್ಲೇ ಖರ್ಚಾಗಿ ಮಟ್ಟ ಎರಡು ಸೆಂ.ಮೀ. ಕಡಿಮೆ ಕಾಣುತ್ತದೆ. ಕಟ್ಟಿಕೊಳ್ಳುವ ವಸ್ತುವಿಗೆ ಬರವಿಲ್ಲ: ಬಟ್ಟೆಯ ಜುಂಗು, ಕರಗದ ಪುಡಿ, ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ಆದ ಜಿಡ್ಡು. ಕೊಳವೆಬಾವಿಯ ಗಡಸು ನೀರೇ ಬರುವ ಮನೆಗಳಲ್ಲಿ ಇದನ್ನು ಮೊದಲು ಶಂಕಿಸುವುದು ಲೇಸು.

ಗಾಳಿದಾರಿಗೂ ಸಂಬಂಧವಿಲ್ಲದ ವೇಷಧಾರಿಗಳೂ ಇವೆ. ಹೊರಹೋಗುವ ಪೈಪಿನ ತುದಿ ಟಬ್ಬಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಬಂದ ನೀರು ಬಂದಂತೆಯೇ ಹರಿದುಹೋಗಿ ಮಟ್ಟ ಏರುವುದಿಲ್ಲ. ಓವರ್‌ಹೆಡ್ ಟ್ಯಾಂಕ್ ಮಷೀನಿಗಿಂತ ಹೆಚ್ಚು ಎತ್ತರದಲ್ಲಿ ಇಲ್ಲದಿದ್ದರೆ ನೀರು ನಿಧಾನವಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಬೇರೆ ಸಂಕೇತವಿದ್ದರೂ ದೂರು ಹೇಳುವವರ ಬಾಯಲ್ಲಿ ಎರಡೂ ಬೆರೆತಿರುತ್ತವೆ. ಪಂಪ್ ಪೂರ್ತಿ ಖಾಲಿ ಮಾಡದಿದ್ದರೆ ಕೋಣೆಗೆ ಹೊಸ ಗಾಳಿ ಸೇರದೆ ಮುಂದಿನ ಅಳತೆ ಸೊನ್ನೆಯಿಂದ ಶುರುವಾಗುವುದಿಲ್ಲ.

ಹಾಗಾಗಿ ತಪಾಸಣೆ ಒತ್ತಡ ಸಾಗುವ ದಾರಿಯಲ್ಲೇ, ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಪ್ಲಗ್ ಕಿತ್ತು, ಟಬ್ ಬರಿದು ಮಾಡಿ, ಟ್ಯೂಬನ್ನು ಸೆನ್ಸರಿನ ತುದಿಯಲ್ಲಿ ಬಿಡಿಸಿ ಕೋಣೆಯ ಕಡೆಗೆ ಊದಿದರೆ ಗಾಳಿ ಸರಾಗವಾಗಿ ಹೋಗಬೇಕು. ಟ್ಯೂಬನ್ನು ಬಗ್ಗಿಸಿ ನೋಡಿದರೆ ಬಿರುಕು ಬಾಯಿ ಬಿಡುತ್ತದೆ. ಮಷೀನಿನ ಕಂಪನಕ್ಕೆ ಲೋಹದ ಅಂಚಿಗೆ ಉಜ್ಜಿ ಸವೆದ ಜಾಗಗಳನ್ನು ವಿಶೇಷವಾಗಿ ನೋಡಬೇಕು. ಸೆನ್ಸರಿನ ಕಡೆಗೆ ಊದುವುದಾದರೆ ಉಸಿರು ಬಿಟ್ಟಷ್ಟು ಮೆಲ್ಲಗೆ ಸಾಕು. ಬಾಯಿಂದ ಜೋರಾಗಿ ಊದಿದ ಒತ್ತಡ ಅದರ ಅಳತೆಯ ವ್ಯಾಪ್ತಿಯನ್ನು ಸುಲಭವಾಗಿ ಮೀರಬಲ್ಲದು. ಹಳೆಯ ಸ್ವಿಚ್ಚಾದರೆ ಟಕ್ ಎಂಬ ಸದ್ದು ಕೇಳುತ್ತದೆ. ಆಮೇಲಷ್ಟೇ ಮಲ್ಟಿಮೀಟರ್: ಕನೆಕ್ಟರಿನ ಪಿನ್ನುಗಳ ಕಿಲುಬು, ತಂತಿಯ ತುಂಡು, ಸುರುಳಿಯ ರೋಧ.

ಸೆನ್ಸರ್ ಬದಲಾಯಿಸಿದ್ದೇ ಮದ್ದಾಯಿತೆಂದು ಹೇಳಲಾಗದ ಕಾರಣವೂ ಇಲ್ಲೇ ಸ್ಪಷ್ಟವಾಗುತ್ತದೆ. ಬದಲಾಯಿಸಬೇಕಾದರೆ ಟ್ಯೂಬನ್ನು ಕಿತ್ತು ಮರಳಿ ಸಿಕ್ಕಿಸಲೇಬೇಕು, ಕನೆಕ್ಟರನ್ನೂ ಎಳೆದು ತೂರಿಸಬೇಕು. ಆ ಕೆಲಸದಲ್ಲೇ ಸಿಕ್ಕಿದ್ದ ಒತ್ತಡ ಬಿಡುಗಡೆಯಾಗುತ್ತದೆ, ನಿಂತ ಹನಿ ಜಾರುತ್ತದೆ, ಪಿನ್ನಿನ ಕಿಲುಬು ಉಜ್ಜಿಹೋಗುತ್ತದೆ. ಅಲ್ಲಿ ಎರಡು ಚಿಕಿತ್ಸೆಗಳು ಒಟ್ಟಿಗೇ ನಡೆದಿರುತ್ತವೆ, ಬಿಲ್ಲಿನಲ್ಲಿ ಬರುವುದು ಒಂದೇ. ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ಕಷ್ಟದ್ದಲ್ಲ: ಗಾಳಿದಾರಿಯನ್ನು ಶುಚಿ ಮಾಡಿ, ಹಳೆಯ ಸೆನ್ಸರನ್ನೇ ಮತ್ತೆ ಕೂರಿಸಿ, ಹಲವು ಸಲ ಬಟ್ಟೆ ತೊಳೆದು ನೋಡುವುದು. ಆಗಲೂ ಸಂಕೇತ ಮರಳಿ ಬಂದು, ವೈರಿಂಗೂ ಸರಿಯಿದ್ದು, ಒತ್ತಡಕ್ಕೆ ತಕ್ಕಂತೆ ಆವರ್ತನ ಕದಲದಿದ್ದರೆ ಸೆನ್ಸರ್ ಕೆಟ್ಟಿದೆ ಎನ್ನಲು ಆಧಾರ ಸಿಕ್ಕಿತು.