ಕಡವೆ ಮತ್ತು ಬಿಲ್ಲಿನ ಅಳವು

ಬ್ರಿಟಿಷ್ ಶಿಕಾರಿಗಳು ನಮ್ಮ ಕಡವೆಯನ್ನು ‘ಎಲ್ಕ್’ ಎಂದು ಕರೆಯುತ್ತಿದ್ದರು. ಸಿಲೋನಿನ ಬೆಟ್ಟಗಳಲ್ಲಿ ನಾಯಿಗಳ ಹಿಂಡು ಬಿಟ್ಟು ಕಡವೆ ಹಿಡಿಯುತ್ತಿದ್ದ ಸ್ಯಾಮ್ಯುಯೆಲ್ ಬೇಕರ್ 1850ರ ದಶಕದಲ್ಲಿ ಪ್ರಕಟಿಸಿದ ಪುಸ್ತಕದ ತುಂಬ ಎಲ್ಕ್‌ಗಳೇ. ಬರೊ ಮತ್ತು ಎಮಿನೊ ಅವರ ದ್ರಾವಿಡ ನಿರುಕ್ತಕೋಶವೂ ಕಡವೆಗೆ ಅದೇ ಅರ್ಥ ಕೊಟ್ಟು, ತುಳುವಿನ ಕಡಮ, ಕೊಡವರ ಕಡಮೆ, ಮಲಯಾಳದ ಕಡಮಾನ್‌ಗಳನ್ನು ಪಕ್ಕದಲ್ಲಿ ನಿಲ್ಲಿಸುತ್ತದೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಯುರೋಪಿನ ಎಲ್ಕ್ ಬೇರೆ, ಅಮೆರಿಕದ್ದು ಬೇರೆ, ನಮ್ಮ ಕಡವೆ ಬೇರೆ. ಆದರೆ ಬಿಲ್ಲು ಹಿಡಿದು ಒಂಟಿಯಾಗಿ ಹೊರಟವನಿಗೆ ಮೂರೂ ಒಡ್ಡುವ ಕಷ್ಟ ಒಂದೇ: ಹತ್ತಿರ ಹೋಗಬೇಕು.

ಕೋವಿಗೆ ದೂರದ ಚಿಂತೆ ಅಷ್ಟಿಲ್ಲ. ಬಿದಿರಿನ ಬಿಲ್ಲಿಗೆ ಇಪ್ಪತ್ತು ಮೂವತ್ತು ಹೆಜ್ಜೆಯ ಅಳವು; ಅದರಾಚೆ ಬಾಣ ಹೋದರೂ ಕೊಲ್ಲುವ ಭರವಸೆ ಇಲ್ಲ. ಕಾರವಾರ ತಾಲೂಕಿನ ಕೈಗಾದಂಥ ಕಡೆ ಇದು ಸಣ್ಣ ಮಾತಲ್ಲ. ಕೆಳಗೆ ಕಾಳಿ ನದಿ, ಬೆನ್ನಿಗೆ ಯಲ್ಲಾಪುರದತ್ತ ಏರುವ ಘಟ್ಟ. ಬೇಸಿಗೆಯಲ್ಲಿ ನೆಲದ ಮೇಲೆ ಕಾಲಿಟ್ಟರೆ ದರಕು ಸದ್ದು ಮಾಡುತ್ತದೆ. ಕಡವೆಯ ಕಣ್ಣಿಗಿಂತ ಕಿವಿ ಚುರುಕು, ಕಿವಿಗಿಂತ ಮೂಗು. ಬಿಸಿಲೇರಿದ ಮೇಲೆ ಇಳಿಜಾರಿನ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಾಗ ಕಣಿವೆಗೆ ಇಳಿಯುತ್ತದೆ. ಹಾಗಾಗಿ ಹಗಲು ಮೇಲಿನಿಂದ ಇಳಿಯಬೇಕು, ಸಂಜೆ ಕೆಳಗಿನಿಂದ ಹತ್ತಬೇಕು. ಅನುಮಾನ ಬಂದ ಕಡವೆ ಮುಂಗಾಲಿನಿಂದ ನೆಲ ಒದ್ದು, ಗಂಟೆ ಬಡಿದಂತೆ ಒಂದೇ ಕೂಗು ಹಾಕಿದರೆ ಅಂದಿನ ಬೇಟೆ ಮುಗಿಯಿತು. ಇಡೀ ಕಣಿವೆಗೆ ಸುದ್ದಿ ಮುಟ್ಟಿರುತ್ತದೆ. ಬಾಣ ನಾಟಿತೆಂದರೂ ಓಡಿ ಹೋಗಬಾರದು. 200 ಕಿಲೋ ಮೀರುವ ಹೋರಿ, ಬೆನ್ನಟ್ಟಿದರೆ ಗಾಯ ಹೊತ್ತುಕೊಂಡೇ ಘಟ್ಟ ದಾಟೀತು. ಕಾದು ಕೂತು, ಆಮೇಲೆ ನೆತ್ತರಿನ ಜಾಡು ಹಿಡಿಯಬೇಕು. ನೊರೆ ಕೂಡಿದ ತಿಳಿಗೆಂಪಾದರೆ ಪುಪ್ಪುಸಕ್ಕೆ ತಾಗಿದೆ. ಕಪ್ಪಾಗಿದ್ದರೆ ಇನ್ನೂ ಬಹಳ ಹೊತ್ತು ಕಾಯಬೇಕು.

ಇಂಥ ವಿದ್ಯೆ ನಮ್ಮಲ್ಲಿ ಬರೆಹಕ್ಕೆ ಇಳಿದದ್ದು ಅರಮನೆಯ ಮೂಲಕ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆ ಒಂದು ವಿನೋದ. ನೀರಿಗೆ ಬರುವ ಜಿಂಕೆಯನ್ನು ಕಾಯುವುದು, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನದನ್ನು ಸೆಳೆಯುವುದು, ಚೀತಾ ಬಿಡುವುದು ಹೀಗೆ ಬಗೆಬಗೆಯ ವಿಧಾನಗಳನ್ನು ಆತ ವರ್ಗೀಕರಿಸುತ್ತಾನೆ. ಓದಲು ಸೊಗಸು. ಆದರೆ ಪಳಗಿಸುವವರು, ಸೋವುವವರು, ಹೊಂಚಿನ ಮರೆ ಕಟ್ಟುವವರು ಆಳುಗಳು; ಅವರು ಹೇಳಿದ್ದನ್ನೇ ದೊರೆ ಶಾಸ್ತ್ರ ಮಾಡಿರಬೇಕು ಎಂದು ನನಗನ್ನಿಸುತ್ತದೆ. ಹೊತ್ತಗೆಯಲ್ಲಿ ಹೆಸರು ಮಾತ್ರ ದೊರೆಯದು.

ಕಾವ್ಯಗಳು ದೊರೆಗಳ ಬೇಟೆಯನ್ನು ಅಷ್ಟಾಗಿ ನಂಬಿದಂತಿಲ್ಲ. ಸದ್ದು ಕೇಳಿ ಆನೆಯೆಂದು ದಶರಥ ಬಿಟ್ಟ ಬಾಣ ಮುನಿಕುಮಾರನಿಗೆ ತಾಗಿತು. ಪಾಂಡು ಹೊಡೆದ ಜಿಂಕೆ ಜಿಂಕೆಯಾಗಿರಲಿಲ್ಲ, ಕಿಂದಮ ಮುನಿಯಾಗಿತ್ತು; ರಾಮ ಹೊಡೆದದ್ದು ಮಾರೀಚನನ್ನು. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಟೇ ವಿಶ್ವಾಮಿತ್ರನ ಆಶ್ರಮಕ್ಕೆ ಸಿಕ್ಕಿಬೀಳುತ್ತಾನೆ. ಗುರಿಯನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳದೆ ಹೆದೆ ಬಿಡಬೇಡ ಎಂಬ ಬೇಡರ ಮೊದಲ ಪಾಠದಲ್ಲೇ ಅರಸರು ನಪಾಸು. ಕಾಡಿನಲ್ಲಿ ಹುಟ್ಟಿದ ಜರ ಕೂಡ ಒಮ್ಮೆ ಎಡವಿದ, ಕೃಷ್ಣನ ಪಾದವನ್ನು ಜಿಂಕೆಯೆಂದುಕೊಂಡು. ಅರ್ಜುನನ ಜೊತೆ ಹಂದಿಗಾಗಿ ಜಗಳವಾಡಿ ಗೆಲ್ಲುವ ಬೇಡನಾದರೋ ಸ್ವತಃ ಶಿವ. ಉತ್ತರ ಕನ್ನಡದ ಯಕ್ಷಗಾನದಲ್ಲಿ ಕಿರಾತನ ಪ್ರವೇಶಕ್ಕೆ ಜನ ಇಂದಿಗೂ ಎದ್ದು ಕೂರುತ್ತಾರೆ.

ಘಟ್ಟದ ಕೆಳಗಿನ ಕುಣಬಿ, ಕುಮ್ರಿ ಮರಾಠಿ, ಹಾಲಕ್ಕಿ ಒಕ್ಕಲಿಗರಿಗೆ ಬೇಟೆ ವಿನೋದವಷ್ಟೇ ಆಗಿರಲಿಲ್ಲ. ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಕುಮ್ರಿಗೆ ರಾತ್ರಿ ಕಡವೆ, ಹಂದಿ ಇಳಿಯುತ್ತಿದ್ದವು. ಮಾಳ ಕಾಯದಿದ್ದರೆ ತುತ್ತಿಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಕುಮ್ರಿಯ ಮೇಲೆ ನಿರ್ಬಂಧ ಬಿಗಿಯಾಗುತ್ತ ಬಂತು. ಮುಂದೆ 1878ರಲ್ಲಿ, ಒಂದೇ ವರ್ಷ, ಎರಡು ಕಾನೂನು ಬಂದವು. ಅರಣ್ಯ ಕಾಯಿದೆ ಮೀಸಲು ಕಾಡಿನ ಬೇಟೆ, ಬಲೆ, ಮೀನುಗಾರಿಕೆಯನ್ನು ಸರ್ಕಾರದ ನಿಯಮಕ್ಕೆ ಒಳಪಡಿಸಿತು. ಶಸ್ತ್ರಾಸ್ತ್ರ ಕಾಯಿದೆ ‘ಶಸ್ತ್ರ’ ಎಂದರೇನೆಂದು ಹೇಳುವಾಗ ಬಂದೂಕು, ಕತ್ತಿ, ಬಾಕು, ಈಟಿಗಳ ಜೊತೆ ಬಿಲ್ಲು ಬಾಣವನ್ನೂ ಎಣಿಸಿತು. ಫಿರಂಗಿಯೂ ಅದೇ ಸಾಲಿನಲ್ಲಿದೆ! ಕೊಡವರಿಗೆ ವಿನಾಯಿತಿ ಸಿಕ್ಕಿತು. ಬಿಳಿಯ ಅಧಿಕಾರಿಗಳ ಶಿಕಾರಿ ಕೋವಿಯೊಂದಿಗೆ ಮುಂದುವರಿಯಿತು. ಮೂವತ್ತು ಹೆಜ್ಜೆಯಲ್ಲಿ ನಿಂತು ಹೊಡೆಯುವವನು ಕಳ್ಳನಾದ, ದೂರದಿಂದ ಹೊಡೆಯುವವನು ಕ್ರೀಡಾಪಟುವಾದ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಭೇದವನ್ನು ಅಳಿಸಿತು. ಅದು ಬೇಕಾಗಿತ್ತು, ಕೋವಿ, ಜೀಪು, ಟಾರ್ಚುಗಳ ಮುಂದೆ ಕಡವೆಗೆ ಉಳಿಗಾಲವಿರಲಿಲ್ಲ. ಆ ಕಾಯಿದೆ ಬೇಟೆಯನ್ನು ವಿವರಿಸುವ ಕಲಮನ್ನೊಮ್ಮೆ ಓದಿ: ಕೊಲ್ಲುವುದು, ವಿಷವಿಡುವುದು, ಹಿಡಿಯುವುದು, ಅಟ್ಟುವುದು, ಉರುಳು ಹಾಕುವುದು, ಸೋವುವುದು, ಆಮಿಷವೊಡ್ಡುವುದು, ಇವುಗಳ ಪ್ರಯತ್ನ ಕೂಡ. ಎಂಟು ಶತಮಾನಗಳ ನಂತರ ಸೋಮೇಶ್ವರನ ಪಟ್ಟಿ ಅಪರಾಧಗಳ ಪಟ್ಟಿಯಾಗಿ ಮರಳಿ ಬಂದಂತಿದೆ.

ಕೈಗಾದಲ್ಲಿ 2000ದಿಂದ ಅಣುಸ್ಥಾವರ ವಿದ್ಯುತ್ ಕೊಡುತ್ತಿದೆ. ಉತ್ತರದ ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 2007ರಲ್ಲಿ ದಾಂಡೇಲಿಯೊಂದಿಗೆ ಹುಲಿ ಮೀಸಲು ಪ್ರದೇಶವಾಯಿತು. ಈಗ ಅದರ ಹೆಸರು ಕಾಳಿ. ನಾಲ್ಕು ವರ್ಷಕ್ಕೊಮ್ಮೆ ಹುಲಿ ಗಣತಿ ಬಂದಾಗ ಅರಣ್ಯ ವಾಚರುಗಳು ಗೆರೆ ಹಿಡಿದು ಕಾಡಲ್ಲಿ ನಡೆಯುತ್ತಾರೆ. ಹೆಜ್ಜೆ ಹೊಸದೋ ಹಳೆಯದೋ, ಮರದ ತೊಗಟೆ ಉಜ್ಜಿದ್ದು ಕೊಂಬೋ ಉಗುರೋ ಎಂದು ನೋಡುತ್ತಾರೆ. ಅವರು ತುಂಬುವ ನಮೂನೆಯಲ್ಲಿ ಕಡವೆಯ ಹಿಕ್ಕೆಗೂ ಒಂದು ಅಂಕಣವಿದೆ.