ಆಯದಿಂದ ದರಪಟ್ಟಿಗೆ: ಕರ್ನಾಟಕದಲ್ಲಿ ಕ್ಷೌರವೃತ್ತಿ ನಡೆದು ಬಂದ ದಾರಿ

ಕ್ಷೌರವನ್ನು ಕುಲಕಸುಬೆಂದು ಕರೆದು ಸುಮ್ಮನಾಗುವುದು ನಮ್ಮ ಸಾಮಾಜಿಕ ಚರಿತ್ರೆಯ ಹಳೆಯ ರೂಢಿ. ಹಾಗೆ ಕರೆದೊಡನೆ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗುತ್ತದೆ: ಈ ಕೆಲಸಕ್ಕೆ ಬೆಲೆ ಕಟ್ಟುತ್ತಿದ್ದವರು ಯಾರು? ಊರೇ, ಅರಸನೇ, ಕತ್ತಿ ಹಿಡಿದವನೇ? ಶಾಸನ, ಆಡಳಿತ ದಾಖಲೆ ಮತ್ತು ಪದಗಳ ಸಾಕ್ಷ್ಯವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದುವುದು ಇಲ್ಲಿನ ಉದ್ದೇಶ. ತನ್ನ ಕೂಲಿಯನ್ನು ತಾನೇ ಹೇಳುವ ಹಕ್ಕು ದಕ್ಕಿದಾಗಲೇ ಕ್ಷೌರ ವೃತ್ತಿಯಾಯಿತು ಎಂಬುದು ನನ್ನ ವಾದ.

ಹೆಸರುಗಳ ಸಾಕ್ಷ್ಯ

ಕರಾವಳಿಯಲ್ಲಿ ಭಂಡಾರಿ, ಹಳೆ ಮೈಸೂರಿನಲ್ಲಿ ನಾಯಿಂದ, ಉತ್ತರ ಕರ್ನಾಟಕದಲ್ಲಿ ಹಡಪದ, ನಾವಲಿಗ: ಒಂದೇ ಕಸುಬಿಗೆ ಹಲವು ಹೆಸರು. ‘ಕೆಲಸಿ’ ಎಂಬ ಹೆಸರಂತೂ ‘ಕೆಲಸ’ ಎಂಬ ಮಾತಿನಿಂದಲೇ ಹುಟ್ಟಿದ್ದು. ‘ಹಡಪ’ ಎಂದರೆ ಎಲೆಯಡಿಕೆಯ ಸಂಚಿ. ಕ್ಷೌರದ ಸಾಮಾನಿನ ಚೀಲವೂ ಹಡಪವೇ. 12ನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣ, ಅವರ ಪತ್ನಿ ಲಿಂಗಮ್ಮ ಇಬ್ಬರೂ ವಚನಕಾರರು. ಸಮುದಾಯ ಇವರನ್ನು ತನ್ನ ಹಿರಿಯರೆಂದು ನೆನೆಯುತ್ತದೆ.

ಬೈಗುಳವಾಗಿ ಉಳಿದ ‘ಹಜಾಮ’ ಎಂಬ ಪದದ ಮೂಲ ಅರಬ್ಬಿಯದು. ಅಲ್ಲಿ ಅದು ಕೆಟ್ಟ ರಕ್ತ ತೆಗೆದು ಚಿಕಿತ್ಸೆ ಮಾಡುವವನ ಹೆಸರು. ನಮ್ಮ ಹಳ್ಳಿಗಳಲ್ಲೂ ಕುರು ಕೊಯ್ದು ಕೀವು ತೆಗೆಯುತ್ತಿದ್ದವರು ಇವರೇ. ಹಲವು ಕಡೆ ಇವರ ಮನೆಯ ಹೆಂಗಸರು ಸೂಲಗಿತ್ತಿಯರಾಗಿದ್ದರು, ಗಂಡಸರು ಮದುವೆಗೆ ವಾಲಗ ಊದುತ್ತಿದ್ದರು. ವೈದ್ಯನಿಗೆ ಸಲ್ಲುತ್ತಿದ್ದ ಹೆಸರೇ ಬೈಗುಳವಾದದ್ದು ಪದಕೋಶದ ಸಂಗತಿಯಷ್ಟೇ ಅಲ್ಲ, ಸಮಾಜ ಮಾಡಿದ ಅನ್ಯಾಯದ ದಾಖಲೆ.

ಕೊಂಡೋಜನ ಶಾಸನಗಳು

ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, 1540ರ ದಶಕದಲ್ಲಿ, ಅಳಿಯ ರಾಮರಾಯನು ಕ್ಷೌರಿಕ ಕೊಂಡೋಜನ ಕೈಚಳಕಕ್ಕೆ ಮೆಚ್ಚಿದ. ಕೊಂಡೋಜ ಮತ್ತು ಅವನ ಸಂಗಡಿಗರ ಮೂಲಕ ಕ್ಷೌರಿಕರಿಗೆ ತೆರಿಗೆ, ಬಿಟ್ಟಿಗಳಿಂದ ಬಿಡುಗಡೆ ಸಿಕ್ಕಿತು. ಇದನ್ನು ಸಾರುವ ಶಾಸನಗಳು ಕನ್ನಡ, ತೆಲುಗು ನಾಡುಗಳ ಹಲವೆಡೆ ದೊರೆತಿವೆ. ಮೆಚ್ಚಿದ ಅರಸು ಒಬ್ಬ ಕುಶಲಕರ್ಮಿಗೆ ಊರು ಉಂಬಳಿ ಕೊಡುವುದು ಹೊಸತಲ್ಲ. ಇಲ್ಲಿ ಒಬ್ಬನ ಕೈಗುಣದ ಫಲ ಇಡೀ ಕಸುಬಿಗೆ ಸಂದಿದೆ, ಇದೇ ಈ ಶಾಸನಗಳ ವಿಶೇಷ. ಆದರೂ ಇದು ಅರಸನ ಕೃಪೆ. ಏನನ್ನು ಕಸಿಯಬಾರದೆಂದು ಕಲ್ಲು ಹೇಳಿತು; ಕೆಲಸಕ್ಕೆ ಎಷ್ಟು ಕೊಡಬೇಕೆಂಬುದು ಊರಿನ ಕೈಯಲ್ಲೇ ಉಳಿಯಿತು.

ಕಣದ ಪಾಲು

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಹಳ್ಳಿಯ 12 ಮಂದಿ ಆಯಗಾರರನ್ನು ಪಟ್ಟಿ ಮಾಡಿದ್ದಾನೆ. ಗೌಡ, ಶಾನುಭೋಗ, ತಳವಾರ, ನೀರಗಂಟಿ, ಕಮ್ಮಾರ, ಅಗಸರ ಸಾಲಿನಲ್ಲಿ ಕ್ಷೌರಿಕನೂ ಇದ್ದಾನೆ. ವರ್ಷವಿಡೀ ಮನೆಮನೆಗೆ ಹೋಗಿ ಕೆಲಸ ಮಾಡಿದವನಿಗೆ ಸುಗ್ಗಿಯಲ್ಲಿ ಕಣದ ಧಾನ್ಯದಲ್ಲಿ ಒಂದು ಪಾಲು: ಅದೇ ಆಯ. ಈ ಪದ್ಧತಿ ಹಸಿವಿಗೆ ಒಂದಿಷ್ಟು ಭರವಸೆ ಕೊಟ್ಟಿತು, ಜೊತೆಗೆ ಕಟ್ಟಿಯೂ ಹಾಕಿತು. ಮಳೆ ಕೈಕೊಟ್ಟರೆ ಪಾಲೂ ಬಡವಾಗುತ್ತಿತ್ತು. ಒಲ್ಲೆನೆನ್ನುವ ಸ್ವಾತಂತ್ರ್ಯ ಇರಲಿಲ್ಲ. ಚೌಲಕ್ಕೆ, ಮದುವೆಗೆ, ಸಾವಿನ ಕರ್ಮಕ್ಕೆ ಅವನು ಬೇಕೇ ಬೇಕು. ಆದರೆ ಕ್ಷೌರ ಮಾಡಿಸಿಕೊಂಡವರು ಮೈಲಿಗೆಯೆಂದು ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು. ಅದೇ ಊರಿನ ಕಟ್ಟಳೆ ಅವನ ಕತ್ತಿ ದಲಿತರ ಕೇರಿಗೆ ಹೋಗದಂತೆಯೂ ತಡೆಯುತ್ತಿತ್ತು.

ಅಂಗಡಿ, ಕುರ್ಚಿ, ಕಾನೂನು

ಪೇಟೆಗಳು ಬೆಳೆದಂತೆ ಈ ಸಂಬಂಧ ತಿರುವುಮುರುವಾಯಿತು. ಹಿತ್ತಿಲಿಗೋ ಜಗಲಿಗೋ ಹೋಗುತ್ತಿದ್ದವನ ಬಳಿಗೆ ಈಗ ಗಿರಾಕಿಯೇ ಬರಬೇಕಾಯಿತು. ಕುರ್ಚಿ, ಕನ್ನಡಿ, ನಗದು ಹಣ ಸೇರಿ ‘ಕಟಿಂಗ್ ಶಾಪ್’ ಹುಟ್ಟಿತು. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಅಂಗಡಿ ಪ್ರವೇಶದಲ್ಲಿ ತಾರತಮ್ಯ ಕೂಡದೆಂಬ ವಿಧಿಯಲ್ಲಿನ ‘ಅಂಗಡಿ’ ಎಂಬ ಪದವನ್ನು ಸೇವೆ ಕೊಡುವ ಜಾಗವೂ ಸೇರುವಂತೆ ವಿಶಾಲಾರ್ಥದಲ್ಲಿ ವಿವರಿಸಿದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಸ್ಪೃಶ್ಯತೆಯ ಹೆಸರಿನಲ್ಲಿ ಸೇವೆ ನಿರಾಕರಿಸುವುದನ್ನು ಅಪರಾಧವಾಗಿಸಿತು. ಕ್ಷೌರಿಕನು ಊರಿನ ಕಟ್ಟಿನಿಂದ ಹೊರಬರುವುದಕ್ಕೂ ದಲಿತನು ಆ ಕುರ್ಚಿಯಲ್ಲಿ ಕೂರುವುದಕ್ಕೂ ಇರುವ ನಂಟನ್ನು ಬೇರ್ಪಡಿಸಿ ಓದಲಾಗದು.

ಸಂಘ ಕಟ್ಟಿಕೊಂಡು ಮಂಗಳವಾರದ ರಜೆಯನ್ನು ಪಾಲಿಸುವುದು, ದರ ನಿಗದಿ ಮಾಡುವುದು ಈ ಹೊಸ ಸ್ವಾಯತ್ತತೆಯ ಗುರುತು. ಆದರೆ ಅದು ಎಷ್ಟು ತೆಳುವಾದದ್ದೆಂದು 2020ರ ಲಾಕ್‌ಡೌನ್ ತೋರಿಸಿತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ದಿನದ ದುಡಿಮೆ ನಿಂತರೆ ಒಲೆಯೂ ಆರುವ ಮನೆಗಳ ಲೆಕ್ಕವದು.

ಸಮಾರೋಪ

ಇಂದು ಬೇರೆ ಸಮುದಾಯದವರೂ ಈ ವೃತ್ತಿಗೆ ಬರುತ್ತಿದ್ದಾರೆ, ಅದು ಸ್ವಾಗತಾರ್ಹ. ದೊಡ್ಡ ಬಂಡವಾಳದ ಹವಾನಿಯಂತ್ರಿತ ಸಲೂನುಗಳಲ್ಲಿ ಮಾತ್ರ ಕತ್ತರಿ ಹಿಡಿದವನು ಸಂಬಳದಾಳು, ದರ ಮಾಲೀಕನದು. ಅಲ್ಲಿ ಮೊದಲಿನ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಕೊಂಡೋಜನ ಶಾಸನಗಳನ್ನು ವಿದ್ವಾಂಸರು ಅಚ್ಚಿಗೆ ತಂದು ಕಾಪಾಡಿದ್ದಾರೆ. ಸಣ್ಣ ಅಂಗಡಿಗಳ ಗೋಡೆಯ ಮೇಲೆ ಮಾಸುತ್ತಿರುವ ಹಳೆಯ ದರಪಟ್ಟಿಗಳನ್ನೂ ಅಷ್ಟೇ ಆಸ್ಥೆಯಿಂದ ಸಂಗ್ರಹಿಸಬೇಕು. ಕೆಲಸಿಯು ತನ್ನ ಕೆಲಸದ ಬೆಲೆಯನ್ನು ತಾನೇ ಬರೆದಿಟ್ಟ ಶಾಸನಗಳು ಅವು.